ಎಂಟು ಪಯಣ, 46 ಅಂಕ: ಸಿಂಗಾಪುರದ ಕ್ರೂಸ್ ಹಡಗುಗಳ ಬಗ್ಗೆ ಬದಿಯಡ್ಕದಿಂದ

ನಾನು ಮತ್ತು ನಮ್ಮ ಮನೆಯವರು ಮೊದಲ ಸಲ ಕ್ರೂಸ್ ಹಡಗು ಹತ್ತಿದ್ದು 2014ರಲ್ಲಿ. ಸಿಂಗಾಪುರದಲ್ಲಿ ಕೆಲಸದಲ್ಲಿರುವ ಮಗ ನಮ್ಮನ್ನು ಕರೆಸಿಕೊಂಡು, ರಾಯಲ್ ಕೆರಿಬಿಯನ್ ಕಂಪನಿಯ ಮೂರು ರಾತ್ರಿಯ ಪಯಣಕ್ಕೆ ಟಿಕೆಟ್ ಮಾಡಿಸಿದ್ದ. ನಡುವೆ ಕೊರೊನಾದ ಬಿಡುವು ಬಂದರೂ 2025ರವರೆಗೆ ಎಂಟು ಸಲ ಹೋಗಿದ್ದೇನೆ. ಎಲ್ಲವೂ ಇದೇ ಕಂಪನಿಯ ಹಡಗುಗಳು, ಎಲ್ಲವೂ ಸಿಂಗಾಪುರದಿಂದಲೇ, ಒಟ್ಟು 31 ರಾತ್ರಿ. ಅದಕ್ಕೆ ಕಂಪನಿಯ ಸದಸ್ಯತ್ವದ ಲೆಕ್ಕದಲ್ಲಿ ನನಗೆ ಸಿಕ್ಕಿದ್ದು 46 ಅಂಕ. ಕನ್ನಡ ಕಲಿಸಿ ನಿವೃತ್ತಳಾದವಳು ನಾನು. ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕದಲ್ಲಿ ಯಾರಾದರೂ ಹಡಗಿಗೆ ಹೊರಟರೆ "ಟೀಚರ್, ಏನೆಲ್ಲ ತೆಗೆದುಕೊಂಡು ಹೋಗಬೇಕು?" ಎಂದು ಕೇಳಿಕೊಂಡು ಮನೆಗೆ ಬರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು, ಏನನ್ನು ತೆಗೆದುಕೊಂಡು ಹೋಗಬಾರದು ಎಂಬುದು. ಎಲೆಕ್ಟ್ರಿಕ್ ಕೆಟ್ಲ್, ಇಸ್ತ್ರಿಪೆಟ್ಟಿಗೆ, ವಿದ್ಯುತ್ತಿನ ಎಕ್ಸ್‌ಟೆನ್ಶನ್, ಊದುಬತ್ತಿ, ಮೇಣದಬತ್ತಿ ಇವು ಯಾವುವೂ ಹಡಗಿನ ಕೋಣೆಗೆ ಸಲ್ಲುವುದಿಲ್ಲ. ಬೆಳಗ್ಗೆ ಗಂಜಿನೀರು ಕುಡಿಯುವ ಅಭ್ಯಾಸದವರಾದ ನಾವು ಮೊದಲ ಸಲ ಚಿಕ್ಕ ಕೆಟ್ಲ್ ಒಂದನ್ನು ಸೀರೆಯ ನಡುವೆ ಸುತ್ತಿ ಇಟ್ಟಿದ್ದೆವು. ಎಕ್ಸ್-ರೇಯಲ್ಲಿ ಕಂಡಿತು. ಕೋಣೆಯ ಸಂಖ್ಯೆ ಬರೆದ ಚೀಟಿ ಕಟ್ಟಿ ತೆಗೆದಿಟ್ಟುಕೊಂಡರು. ಇಳಿಯುವ ದಿನ ಅದೇ ಚೀಟಿಯೊಂದಿಗೆ ವಾಪಸು ಕೊಟ್ಟರು. ಆಗ ನನಗೆ ಬೇಸರವಾಗಿತ್ತು. ಈಗ ಇಲ್ಲ. ನಡುಸಮುದ್ರದಲ್ಲಿ ಬೆಂಕಿ ಹತ್ತಿದರೆ ಓಡಿಹೋಗಲು ಅಂಗಳವಿಲ್ಲ, ಹಡಗಿನವರು ಎಲ್ಲಕ್ಕಿಂತ ಹೆಚ್ಚು ಹೆದರುವುದೇ ಬೆಂಕಿಗೆ. ಬಾಲ್ಕನಿಯ ಕಂಬಿಯ ಮೇಲೆ ಒದ್ದೆ ಬಟ್ಟೆ ಹಾಕಬಾರದು ಎನ್ನುವುದಕ್ಕೂ ಗಾಳಿಯ ಜೊತೆಗೆ ಇದೇ ಕಾರಣ: ಮೇಲಿನಿಂದ ಯಾರೋ ಎಸೆದ ಸಿಗರೇಟಿನ ಕಿಡಿ ಅದಕ್ಕೆ ತಾಗಬಹುದು. ಬಚ್ಚಲಲ್ಲಿ ಶವರಿನ ಮೇಲೆ ಗೋಡೆಗೆ ಉರುಟಾದ ಒಂದು ಗುಂಡಿ ಇರುತ್ತದೆ. ಅದನ್ನು ಹಿಡಿದು ಎಳೆದರೆ ಸಪೂರ ಹಗ್ಗ ಹೊರಗೆ ಬರುತ್ತದೆ, ಎದುರಿನ ಗೋಡೆಯ ಕೊಂಡಿಗೆ ಸಿಕ್ಕಿಸಿದರೆ ಆಯಿತು. ರವಿಕೆಯೂ ಟವೆಲೂ ಅಲ್ಲಿ ಒಂದು ರಾತ್ರಿಯಲ್ಲಿ ಒಣಗುತ್ತವೆ. ಇದು ನನಗೆ ಗೊತ್ತಾದದ್ದು ಮೂರನೆಯ ಪಯಣದಲ್ಲಿ.

ಮನೆಯಲ್ಲಿ ಮಾಡಿದ ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಬೇಡ. ಮನೆಯ ಅಡುಗೆಯನ್ನು ಹಡಗಿಗೆ ಬಿಡುವುದಿಲ್ಲ. ಅಂಗಡಿಯಲ್ಲಿ ಕೊಂಡ, ಮೊಹರು ಒಡೆಯದ ಪೊಟ್ಟಣಕ್ಕೆ ಸಾಮಾನ್ಯವಾಗಿ ತಕರಾರಿಲ್ಲ. ಇನ್ನೊಂದು ಮಾತು ನಮ್ಮ ಅಡಿಕೆಯ ಊರಿನವರಿಗೆ ಹೇಳಲೇಬೇಕು. ಎಲೆಯಡಿಕೆಯ ಸಂಚಿಯನ್ನು ಮನೆಯಲ್ಲೇ ಬಿಟ್ಟು ಬನ್ನಿ. ಜಗಿಯುವ ಹೊಗೆಸೊಪ್ಪು ಸಿಂಗಾಪುರದಲ್ಲಿ ನಿಷಿದ್ಧ, ಹಡಗಿನ ಮರದ ಹಾಸಿನ ಮೇಲೆ ಬಿದ್ದ ಕೆಂಪು ಕಲೆ ಉಜ್ಜಿದರೂ ಹೋಗುವುದಿಲ್ಲ. ನಮ್ಮ ಮನೆಯವರು ನಲವತ್ತು ವರ್ಷದ ಅಭ್ಯಾಸವನ್ನು ಆ ಮೂರು ದಿನಗಳಿಗಾಗಿ ಬಿಟ್ಟರು. ಮತ್ತೆ ಮುಟ್ಟಲಿಲ್ಲ.

ಊಟದ ಚಿಂತೆ ಮಾಡಬೇಡಿ. ಸಸ್ಯಾಹಾರಿಗಳೆಂದು ಟಿಕೆಟ್ ಮಾಡಿಸುವಾಗಲೇ ತಿಳಿಸಿ, ಮೊದಲ ರಾತ್ರಿ ಊಟದ ಶಾಲೆಯ ಮುಖ್ಯಸ್ಥರಿಗೆ ಇನ್ನೊಮ್ಮೆ ಹೇಳಿದರೆ ಮರುದಿನದಿಂದ ಅನ್ನ, ದಾಲ್, ಪಲ್ಯ ಮೇಜಿಗೆ ಬರುತ್ತದೆ. ನಾನು ಕೈಯಲ್ಲೇ ಉಣ್ಣುತ್ತೇನೆ, ಯಾರೂ ಏನೂ ಅಂದದ್ದಿಲ್ಲ. ಆದರೆ ಬಫೆಯ ಬಾಗಿಲಲ್ಲಿ ಇರಿಸಿರುವ ಬೇಸಿನ್‌ನಲ್ಲಿ ಸಾಬೂನು ಹಾಕಿ ಕೈ ತೊಳೆದೇ ಒಳಗೆ ಹೋಗಿ. ವಾಂತಿಭೇದಿ ತರುವ ನೊರೊವೈರಸ್ ಹಡಗಿನಲ್ಲಿ ಬಲುಬೇಗ ಹರಡುತ್ತದೆ, ಅದಕ್ಕೆ ಸ್ಯಾನಿಟೈಸರ್ ಸಾಲದು, ಸಾಬೂನು ನೀರೇ ಬೇಕು. ಊಟಕ್ಕೆ ಮೊದಲು ಕೈಕಾಲು ತೊಳೆದು ಬೆಳೆದವರು ನಾವು. ನಮ್ಮವರೇ ಬೇಸಿನ್ ದಾಟಿ ತಟ್ಟೆಗೆ ಕೈ ಹಾಕುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ತಟ್ಟೆ ತುಂಬ ಬಡಿಸಿಕೊಂಡು ಅರ್ಧ ಬಿಡುವುದನ್ನು ಕಂಡಾಗಲೂ.

ವಿಶೇಷ ಉಡುಪಿನ ಸಂಜೆಗೆ ಕೋಟು ಗೌನು ಹೊಲಿಸಬೇಕಾಗಿಲ್ಲ. ನಾನು ಪ್ರತಿ ಸಲ ಉಟ್ಟದ್ದು ಕಾಸರಗೋಡು ಸೀರೆಯನ್ನೇ, ನಮ್ಮ ನೇಕಾರರ ಕೈಮಗ್ಗದ, ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಹತ್ತಿ ಸೀರೆ. ಅದರ ಅಂಚನ್ನು ಮುಟ್ಟಿ ನೋಡಿ ಎಲ್ಲಿಯದೆಂದು ವಿಚಾರಿಸಿದವರು ಎಷ್ಟೋ ಮಂದಿ.

ಸುರಕ್ಷತಾ ತರಬೇತಿಯನ್ನು ಯಾರೂ ತಪ್ಪಿಸಬೇಡಿ. 2014ರಲ್ಲಿ ನಮ್ಮನ್ನೆಲ್ಲ ಡೆಕ್ಕಿನಲ್ಲಿ ಸಾಲಾಗಿ ನಿಲ್ಲಿಸಿ ಕಲಿಸಿದ್ದರು. ಈಗ ಮೊಬೈಲಿನಲ್ಲಿ ವೀಡಿಯೊ ನೋಡಿ, ನಮಗೆ ಗೊತ್ತುಮಾಡಿದ ಜಾಗಕ್ಕೆ ಹೋಗಿ ಕಾರ್ಡ್ ತೋರಿಸಿದರೆ ಮುಗಿಯುತ್ತದೆ. ಏಳು ಗಿಡ್ಡ ಕೂಗು, ಆಮೇಲೆ ಒಂದು ಉದ್ದ ಕೂಗು, ಅದು ಅಪಾಯದ ಸೂಚನೆ. 2012ರ ಜನವರಿ 13ರಂದು ಇಟಲಿಯ ಜಿಲ್ಯೊ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದು 32 ಮಂದಿ ಸತ್ತರು. ಅದೇ ದಿನ ಹಡಗು ಹತ್ತಿದವರಿಗೆ ಇನ್ನೂ ತರಬೇತಿ ಆಗಿರಲಿಲ್ಲ, ಏಕೆಂದರೆ ಆಗ 24 ಗಂಟೆಯೊಳಗೆ ಮಾಡಿದರೆ ಸಾಕಿತ್ತು. ಹಡಗು ಹೊರಡುವ ಮೊದಲೇ ಅಥವಾ ಹೊರಟ ಕೂಡಲೇ ಮುಗಿಸಬೇಕು ಎಂಬ ಅಂತರರಾಷ್ಟ್ರೀಯ ನಿಯಮ ಬಂದದ್ದು ಆಮೇಲೆ. ಈ ಕಥೆ ಹೇಳಿದ ಮೇಲೆ "ಅದೆಲ್ಲ ಯಾಕೆ ಟೀಚರ್" ಎಂದವರು ಸುಮ್ಮನಾಗಿದ್ದಾರೆ.

ಬಂದರಿನಲ್ಲಿ ಇಳಿದರೆ ಗಡಿಯಾರ ಹಡಗಿನದ್ದೇ ಆಗಿರಲಿ. ಪೆನಾಂಗಿನಲ್ಲಿ ಹಡಗು ಜಾರ್ಜ್‌ಟೌನ್‌ನ ಪಕ್ಕದಲ್ಲೇ ನಿಲ್ಲುತ್ತದೆ, ನಡೆದು ಹೋಗಿ ಬರಬಹುದು. ಫುಕೆಟ್‌ನಲ್ಲಿ ಸಮುದ್ರದಲ್ಲಿ ಲಂಗರು ಹಾಕಿ ಚಿಕ್ಕ ದೋಣಿಯಲ್ಲಿ ದಡಕ್ಕೆ ಬಿಟ್ಟರು, ಅಲ್ಲಿ ಸಾಲಿಗೇ ಸಮಯ ಹೋಗುತ್ತದೆ. ಕಂಪನಿಯೇ ನಡೆಸುವ ಪ್ರವಾಸ ತಡವಾದರೆ ಹಡಗು ಕಾಯುತ್ತದೆ, ನಾವೇ ಟ್ಯಾಕ್ಸಿ ಮಾಡಿಕೊಂಡು ಹೋದರೆ ಕಾಯುವುದಿಲ್ಲ. ನಾವು ಮತ್ತೆ ಸಿಂಗಾಪುರಕ್ಕೇ ಬಂದಿಳಿಯುವುದರಿಂದ ಅಲ್ಲಿನ ವೀಸಾ ಒಂದಕ್ಕಿಂತ ಹೆಚ್ಚು ಪ್ರವೇಶದ್ದಾಗಿರಬೇಕು.

ಇನ್ನು ಎಲ್ಲರೂ ಕೇಳುವ ಅಂಕಗಳ ಮಾತು. ಈ ಕಂಪನಿಯ ಸದಸ್ಯತ್ವಕ್ಕೆ ಕ್ರೌನ್ ಅಂಡ್ ಆಂಕರ್ ಸೊಸೈಟಿ ಎಂದು ಹೆಸರು, ಸೇರಲು ಹಣವಿಲ್ಲ. ಟಿಕೆಟ್ಟಿನ ಬೆಲೆ ಎಷ್ಟೇ ಇರಲಿ, ರಾತ್ರಿಗೆ ಒಂದು ಅಂಕ. ಸೂಟ್ ಕೋಣೆಯಾದರೆ ಎರಡು. 3 ಅಂಕಕ್ಕೆ ಗೋಲ್ಡ್, 30ಕ್ಕೆ ಪ್ಲಾಟಿನಂ, 55ಕ್ಕೆ ಎಮರಾಲ್ಡ್, 80ಕ್ಕೆ ಡೈಮಂಡ್, 175ಕ್ಕೆ ಡೈಮಂಡ್ ಪ್ಲಸ್, 700ಕ್ಕೆ ಪಿನಾಕಲ್. 2019ರವರೆಗಿನ ನಾಲ್ಕು ಪಯಣಗಳಲ್ಲಿ ನನಗೆ ಬಂದದ್ದು 16. ಮರುವರ್ಷ ನಮ್ಮ ಮನೆಯವರು ತೀರಿಕೊಂಡರು. ಮಗನ ಒತ್ತಾಯಕ್ಕೆ 2022ರಲ್ಲಿ ಮತ್ತೆ ಹೊರಟಾಗ ಕೋಣೆಯಲ್ಲಿ ನಾನೊಬ್ಬಳೇ. ಒಬ್ಬರೇ ಇದ್ದರೆ ಸುಮಾರು ಇಬ್ಬರ ದರ ಕೊಡಬೇಕು. ಅದಕ್ಕೆ ಪ್ರತಿಯಾಗಿ ರಾತ್ರಿಗೆ ಎರಡು ಅಂಕ ಸಿಗುತ್ತದೆ. ಹಾಗೆ 2023ರಲ್ಲಿ ಪ್ಲಾಟಿನಂ ಆಯಿತು, ಈಗ 46ರಲ್ಲಿದ್ದೇನೆ.

ಸಿಕ್ಕಿದ್ದೇನು ಎಂದರೆ ನಿಜ ಹೇಳಬೇಕು, ದೊಡ್ಡದೇನೂ ಅಲ್ಲ. ನನಗೆ ಉಪಯೋಗಕ್ಕೆ ಬಂದದ್ದು ಬಾಲ್ಕನಿ ಕೋಣೆಯ ದರದಲ್ಲಿನ ರಿಯಾಯಿತಿ ಒಂದೇ. ದಿನಕ್ಕೆ ನಾಲ್ಕು ಪಾನೀಯ ಉಚಿತ ಎಂದು ಜನ ಹೇಳುವುದು ಡೈಮಂಡಿನವರ ಸೌಲಭ್ಯ. ನಾಲ್ಕು ರಾತ್ರಿಯ ಪಯಣದಲ್ಲಿ ಇಬ್ಬರಾಗಿ ಹೋಗುವವರಿಗೆ ಅದು ಇಪ್ಪತ್ತೊಂದನೆಯ ಸಲ ಸಿಗುತ್ತದೆ. ಅಂಕಕ್ಕಾಗಿ ಟಿಕೆಟ್ ಕೊಳ್ಳಬೇಡಿ ಎಂದು ನಾನು ಎಲ್ಲರಿಗೂ ಖಡಾಖಂಡಿತವಾಗಿ ಹೇಳುತ್ತೇನೆ. ಹೋಗುವುದಿದ್ದರೆ ಮಾತ್ರ ಸದಸ್ಯತ್ವದ ಸಂಖ್ಯೆಯನ್ನು ಮರೆಯದೆ ಕೊಡಿ, ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇರಲಿ. ಒಮ್ಮೆ ಟಿಕೆಟ್ ಮಾಡಿಸಿದ ಏಜೆಂಟರು ನನ್ನ ಇನಿಷಿಯಲ್ಲನ್ನು ಪೂರ್ತಿ ಬರೆಯದೆ ಕಳಿಸಿದ್ದರಿಂದ ಅದೇ ಊರಿನ ಅದೇ ಹೆಂಗಸು ಎರಡು ಸದಸ್ಯರಾದಳು. ಆ ಐದು ಅಂಕ ನನ್ನ ಲೆಕ್ಕಕ್ಕೆ ಸೇರಲು ನಾಲ್ಕು ತಿಂಗಳು ಪತ್ರ ಬರೆದೆ.

ಅಂಕಕ್ಕಿಂತ ನನ್ನ ಮನಸ್ಸಿನಲ್ಲಿ ಉಳಿದಿರುವುದು ಬೇರೆ. 2024ರಲ್ಲಿ ನಾನು ಫೋನಿನಲ್ಲಿ ಮಗನೊಂದಿಗೆ ಮಾತಾಡುತ್ತಿದ್ದುದನ್ನು ಕೇಳಿ, ಊಟ ಬಡಿಸುತ್ತಿದ್ದ ಹುಡುಗ "ನಿಮ್ಮದು ಕಾಸರಗೋಡು ಕಡೆಯಾ ಅಮ್ಮ?" ಎಂದ. ಉಪ್ಪಳದವನು. ಮನೆಯಲ್ಲಿ ತುಳು, ಓದಿದ್ದು ಕನ್ನಡ ಶಾಲೆ. ನಾನು ಟೀಚರ್ ಎಂದು ಗೊತ್ತಾದ ಮೇಲೆ ಕೈ ಕಟ್ಟಿಕೊಂಡೇ ನಿಂತ. ತಿಂಗಳುಗಟ್ಟಲೆಯ ಕರಾರು, ಅಷ್ಟೂ ದಿನ ವಾರದ ರಜೆಯಿಲ್ಲ. ಒಬ್ಬೊಬ್ಬ ಪ್ರಯಾಣಿಕರಿಗೆ ದಿನಕ್ಕೆ ಸುಮಾರು 18 ಡಾಲರ್ ಸೇವಾಭಕ್ಷೀಸು ಬಿಲ್ಲಿಗೆ ಸೇರುತ್ತದೆ. ಅದನ್ನು ಬಡಿಸುವವರು, ಕೋಣೆ ಗುಡಿಸುವವರು ಎಲ್ಲರೂ ಹಂಚಿಕೊಳ್ಳುತ್ತಾರೆ. "ಕೊನೆಯ ದಿನ ನಮ್ಮ ಊರಿನವರೇ ಸಾಲು ನಿಂತು ಅದನ್ನು ತೆಗೆಸುತ್ತಾರೆ ಟೀಚರ್," ಎಂದ, ದನಿ ತಗ್ಗಿಸಿ. ಆ ಸಾಲನ್ನು ನಾನೂ ನೋಡಿದ್ದೇನೆ. ಲಕ್ಷ ಖರ್ಚು ಮಾಡಿ ಬಂದವರು ಅದನ್ನು ಉಳಿಸಬೇಡಿ, ಕೈಮುಗಿದು ಕೇಳುತ್ತೇನೆ. ನಡುರಾತ್ರಿ ಓಣಿಯಲ್ಲಿ ಗಟ್ಟಿಯಾಗಿ ಕರೆಯಬೇಡಿ, ಬಾಗಿಲನ್ನು ಹಿಡಿದು ಮುಚ್ಚಿ, ಲಿಫ್ಟಿನಿಂದ ಇಳಿಯುವವರು ಇಳಿಯಲಿ. ಈಜುಕೊಳದ ಕುರ್ಚಿಯ ಮೇಲೆ ಟವೆಲ್ ಹಾಕಿಟ್ಟು ತಿಂಡಿಗೆ ಹೋಗಬೇಡಿ, ಅರ್ಧ ಗಂಟೆ ಕಳೆದರೆ ಸಿಬ್ಬಂದಿ ಅದನ್ನು ತೆಗೆಯುತ್ತಾರೆ.

ಯಾವ ಕೋಣೆ ಎಂದು ಕೇಳುವವರಿಗೆ: ತಲೆಸುತ್ತು ಇರುವವರು ಕೆಳಗಿನ ಡೆಕ್ಕಿನ ನಡುಭಾಗದ ಕೋಣೆ ಕೇಳಿ, ಅಲ್ಲಿ ಓಲಾಟ ಕಡಿಮೆ. ನಾನು ಬರುವ ಡಿಸೆಂಬರಿಗೆ ಅದನ್ನೇ ಮಾಡಿಸಿದ್ದೇನೆ, ನಾಲ್ಕು ರಾತ್ರಿ. ಒಬ್ಬಳೇ ಹೋದರೆ ಎಂಟು ಅಂಕ ಸೇರಿ 54 ಆಗುತ್ತಿತ್ತು, ಎಮರಾಲ್ಡಿಗೆ ಒಂದೇ ಬಾಕಿ. ಈ ಸಲ ಮೊಮ್ಮಗಳು ನನ್ನ ಕೋಣೆಯಲ್ಲಿ ಮಲಗುತ್ತಾಳಂತೆ, ಆದ್ದರಿಂದ ನಾಲ್ಕೇ. ಶವರಿನ ಮೇಲಿನ ಹಗ್ಗವನ್ನು ತಾನೇ ಎಳೆಯಬೇಕೆಂದು ಈಗಲೇ ಫೋನಿನಲ್ಲಿ ಹೇಳಿಟ್ಟಿದ್ದಾಳೆ.