ಗೋಕುಲ ರಸ್ತೆಯ ಗ್ಯಾರೇಜು: ಮಿಸ್‌ಫೈರ್ ಪತ್ತೆಗೆ ತಕ್ಕ ಜಾಗ

ಹುಬ್ಬಳ್ಳಿಯ ಗೋಕುಲ ರಸ್ತೆಯ ಈ ಚಿಕ್ಕ ಗ್ಯಾರೇಜಿಗೆ ನಾನು ಪೆಟ್ರೋಲ್ ಕಾರನ್ನು ಒಯ್ದದ್ದು, ಏರು ಹತ್ತುವಾಗ ಎಂಜಿನ್ ಜಗ್ಗಿದಂತಾಗಿ ಚೆಕ್ ಎಂಜಿನ್ ದೀಪ ಮಿನುಗತೊಡಗಿದ್ದರಿಂದ. ದೀಪ ಮಿನುಗುವಾಗಲೂ ಓಡಿಸುತ್ತಿದ್ದರೆ ಉರಿಯದ ಪೆಟ್ರೋಲ್ ಹೊಗೆಯೊಂದಿಗೆ ಹೊರಟು, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸಬಹುದೆಂದು ಮಿಸ್ತ್ರಿಯವರು ಮೊದಲೇ ಎಚ್ಚರಿಸಿದರು.

ಸ್ಕ್ಯಾನರ್ ತೋರಿಸಿದ ಕೋಡ್ ಪಿ0302, ಅಂದರೆ ಎರಡನೆಯ ಸಿಲಿಂಡರಿನಲ್ಲಿ ಮಿಸ್‌ಫೈರ್ (ಪೆಟ್ರೋಲ್ ಸರಿಯಾಗಿ ಉರಿಯದಿರುವುದು). ಇಷ್ಟನ್ನೇ ನೋಡಿ ಕಿಡಿ ಹಾರಿಸುವ ಪ್ಲಗ್, ಅದಕ್ಕೆ ವಿದ್ಯುತ್ ಒದಗಿಸುವ ಕಾಯಿಲ್, ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಎಲ್ಲವನ್ನೂ ಬದಲಿಸಿ ಬಿಲ್ ಬೆಳೆಸುವವರಿಗೇನೂ ಕೊರತೆಯಿಲ್ಲ. ಇಲ್ಲಿ ಹಾಗಾಗಲಿಲ್ಲ. ಎರಡನೆಯ ಮತ್ತು ಮೂರನೆಯ ಸಿಲಿಂಡರುಗಳ ಇಗ್ನಿಷನ್ ಕಾಯಿಲುಗಳನ್ನು ಅದಲುಬದಲು ಮಾಡಿ, ಕೋಡ್ ಅಳಿಸಿ, ಗಾಡಿ ಓಡಿಸಿ ನೋಡಿದಾಗ ಈ ಸಲ ಪಿ0303, ಅಂದರೆ ಮೂರನೆಯ ಸಿಲಿಂಡರಿನ ಕೋಡ್ ಬಂದದ್ದರಿಂದ, ದೋಷ ಕಾಯಿಲಿನದೇ ಎಂಬುದು ಖಚಿತವಾಯಿತು. ಕೋಡ್ ಬದಲಾಗದಿದ್ದರೆ ಪ್ಲಗ್, ಇಂಜೆಕ್ಟರ್, ಕೊನೆಗೆ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಎಂಬ ಕ್ರಮದಲ್ಲಿ ಪರೀಕ್ಷಿಸುತ್ತಿದ್ದೆವೆಂದು ಅವರು ವಿವರಿಸಿದರು. ಬಿಚ್ಚಿದ ಕಾಯಿಲನ್ನು ನನ್ನ ಕೈಗೇ ಕೊಟ್ಟರು. ಅದರ ರಬ್ಬರ್ ಬೂಟಿನ ಮೇಲೆ ಕಿಡಿ ಹಾರಿ ಸುಟ್ಟ, ಕೂದಲೆಳೆಯಷ್ಟು ಸಣ್ಣ ಗೆರೆಯಿತ್ತು. ಪ್ಲಗ್ ಕೂರುವ ಗುಂಡಿಯಲ್ಲಿ ಆಯಿಲ್ ನಿಂತಿಲ್ಲವೆಂಬುದನ್ನೂ ಟಾರ್ಚ್ ಹಿಡಿದು ತೋರಿಸಿದರು.

ಕೊರತೆಗಳೂ ಇವೆ. ಕಾಯಿಲ್ ದಾಸ್ತಾನಿರಲಿಲ್ಲವಾದ್ದರಿಂದ ಮರುದಿನದವರೆಗೆ ಕಾಯಬೇಕಾಯಿತು. ಕೂರಲು ನೆರಳೂ ಇಲ್ಲ. ಪರೀಕ್ಷೆಗೆ ಪ್ರತ್ಯೇಕ ಶುಲ್ಕ ಪಡೆಯುತ್ತಾರೆ, ಅದು ನನಗೆ ನ್ಯಾಯವೆಂದೇ ತೋರಿತು. ಮುಂಚಿತವಾಗಿ ಫೋನ್ ಮಾಡಿ, ಕಾರಿನ ಮಾದರಿಯನ್ನೂ ವರ್ಷವನ್ನೂ ತಿಳಿಸಿ ಹೋಗುವುದು ಒಳ್ಳೆಯದು.