ಪ್ರಾಗ್ ನಗರದ ಪ್ರತಿರೋಧದ ತಾಣಗಳು: ಮೂರೂವರೆ ಗಂಟೆಯ ಕಾಲ್ನಡಿಗೆ ಪ್ರವಾಸದ ವಿಮರ್ಶೆ

ಪ್ರಾಗ್ ನಗರಕ್ಕೆ ಹೋದವರು ಸಾಮಾನ್ಯವಾಗಿ ಕೋಟೆ, ಚಾರ್ಲ್ಸ್ ಸೇತುವೆ ಮತ್ತು ಹಳೆಯ ಗಡಿಯಾರವನ್ನು ನೋಡಿ ಬರುತ್ತಾರೆ. ನಾನು ಮತ್ತು ನನ್ನ ಅಕ್ಕ ಒಂದು ಬೆಳಗನ್ನು ಬೇರೊಂದು ಕೆಲಸಕ್ಕೆ ಮೀಸಲಿಟ್ಟೆವು. ನಾಜಿ ಜರ್ಮನಿಯ ಆಕ್ರಮಣದ ಕಾಲದಲ್ಲಿ ಈ ಊರಿನ ಜನ ಹೇಗೆ ಪ್ರತಿರೋಧ ಒಡ್ಡಿದರು, ಎಲ್ಲಿ ಅಡಗಿದರು, ಎಲ್ಲಿ ಸಿಕ್ಕಿಬಿದ್ದರು ಎಂಬುದನ್ನು ಸ್ಥಳದಲ್ಲೇ ನಿಂತು ವಿವರಿಸುವ ಕಾಲ್ನಡಿಗೆ ಪ್ರವಾಸವನ್ನು ಕಾಯ್ದಿರಿಸಿದೆವು. ಒಬ್ಬರಿಗೆ ಎಂಟುನೂರು ಕೊರುನಾ, ಮೂರೂವರೆ ಗಂಟೆಯ ಅವಧಿ, ಇಂಗ್ಲಿಷಿನಲ್ಲಿ ವಿವರಣೆ. ಹಣಕ್ಕೆ ಮೋಸವಾಗಲಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಆದರೆ ಈ ಪ್ರವಾಸದಲ್ಲಿ ಕೊರತೆಗಳೂ ಇವೆ, ಅವುಗಳಲ್ಲಿ ಒಂದೆರಡು ಸಣ್ಣವಲ್ಲ.

ನಡಿಗೆ ಆರಂಭವಾದದ್ದು ವೆನ್ಸೆಸ್ಲಾಸ್ ಚೌಕದಲ್ಲಿ, ಬಾಟಾ ಪಾದರಕ್ಷೆಗಳ ದೊಡ್ಡ ಗಾಜಿನ ಕಟ್ಟಡದ ಎದುರು. ಮಾರ್ಗದರ್ಶಿ ಅಲ್ಲಿಂದಲೇ ಏಕೆ ಶುರು ಮಾಡಿದರೆಂದು ಐದು ನಿಮಿಷದಲ್ಲಿ ತಿಳಿಯಿತು. 1942ರ ಮೇ 27ರಂದು ಯೋಜೆಫ್ ಗಾಬ್ಚಿಕ್ ಮತ್ತು ಯಾನ್ ಕುಬಿಶ್ ಎಂಬ ಇಬ್ಬರು ಚೆಕೊಸ್ಲೊವಾಕ್ ಸೈನಿಕರು, ಆಕ್ರಮಿತ ಚೆಕ್ ನಾಡನ್ನು ಆಳುತ್ತಿದ್ದ ನಾಜಿ ಅಧಿಕಾರಿ ರೈನ್‌ಹಾರ್ಡ್ ಹೈಡ್ರಿಕ್‌ನ ಕಾರಿನ ಮೇಲೆ ದಾಳಿ ಮಾಡಿದರು. ಅವರಿಬ್ಬರೂ ಬ್ರಿಟನ್ನಿನಲ್ಲಿ ತರಬೇತಿ ಪಡೆದು, ವಿಮಾನದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಇಳಿದವರು. ದಾಳಿಯ ನಂತರ ಅವರು ಬಿಟ್ಟುಹೋದ ಸೈಕಲ್, ಚರ್ಮದ ಚೀಲಗಳು, ಮಳೆಯಂಗಿ ಮತ್ತು ಟೋಪಿಯನ್ನು ನಾಜಿಗಳ ಗುಪ್ತ ಪೊಲೀಸ್ ದಳವಾದ ಗೆಸ್ಟಾಪೊ ಇದೇ ಅಂಗಡಿಯ ಗಾಜಿನ ಹಿಂದೆ ಪ್ರದರ್ಶನಕ್ಕೆ ಇಟ್ಟಿತು. ಗುರುತಿಸಿ ಸುಳಿವು ಕೊಟ್ಟವರಿಗೆ ಒಂದು ಕೋಟಿ ಕೊರುನಾ ಬಹುಮಾನ ಸಾರಿತು. ಆ ಗಾಜಿನ ಹಿಂದೆ ಈಗ ಚಪ್ಪಲಿ, ಬೂಟುಗಳಿವೆ. ಅದರ ಮುಂದೆ ನಿಂತು, ಆ ಸೈಕಲ್ ಯಾರದೆಂದು ಗೊತ್ತಿದ್ದೂ ಬಾಯಿ ಬಿಡದೆ ಮುಂದೆ ನಡೆದುಹೋದವರ ಎದೆಬಡಿತವನ್ನು ಊಹಿಸಿಕೊಳ್ಳುವುದು ಕಷ್ಟವಾಗಲಿಲ್ಲ.

ಅಲ್ಲಿಯೇ ಅವರು ಇನ್ನೊಂದು ಸೈಕಲ್ಲಿನ ಕಥೆಯನ್ನೂ ಹೇಳಿದರು. ಗಾಯಗೊಂಡಿದ್ದ ಕುಬಿಶ್ ಅದನ್ನು ತುಳಿದುಕೊಂಡು ಲಿಬೆನ್ ಬಡಾವಣೆಯ ನೊವಾಕ್ ಕುಟುಂಬದ ಮನೆ ಸೇರಿದ್ದ, ದಾರಿಯಲ್ಲಿ ಸೈಕಲ್ ಬಿಟ್ಟಿದ್ದ. ರಕ್ತ ಹತ್ತಿದ್ದ ಆ ಸೈಕಲ್ಲನ್ನು ತಂದು ಬಚ್ಚಿಡಲು ಮನೆಯಾಕೆ ತನ್ನ ಮಗಳು ಯಿಂದ್ರಿಷ್ಕಾಳನ್ನು ಕಳಿಸಿದಳು. ಹುಡುಗಿಗೆ ಆಗ ಹದಿನಾಲ್ಕು ವರ್ಷ. ಸೈಕಲ್ ತಳ್ಳಿಕೊಂಡು ಹೋದ ಹುಡುಗಿಯನ್ನು ಕಂಡವರಿದ್ದರು, ಗೆಸ್ಟಾಪೊ ಸುತ್ತಲಿನ ಹುಡುಗಿಯರನ್ನೆಲ್ಲ ಸಾಲಾಗಿ ನಿಲ್ಲಿಸಿ ಪರೀಕ್ಷಿಸಿತು, ಆಗ ಆಕೆ ಪಾರಾದಳು. ಕೊನೆಗೆ ಇಡೀ ಕುಟುಂಬ ಸಿಕ್ಕಿಬಿತ್ತು. ಅದೇ ವರ್ಷದ ಅಕ್ಟೋಬರ್ 24ರಂದು ಮೌಟ್‌ಹೌಸೆನ್ ಯಾತನಾ ಶಿಬಿರದಲ್ಲಿ, ಪ್ಯಾರಾಚೂಟ್ ಸೈನಿಕರ ಬಂಧುಗಳು ಮತ್ತು ಅವರಿಗೆ ನೆರವಾದ ಇನ್ನೂರಕ್ಕೂ ಹೆಚ್ಚು ಜನರ ಜೊತೆಯಲ್ಲಿ ಆಕೆಯನ್ನೂ ಕೊಂದರು.

ಈ ಪ್ರವಾಸದ ನಿಜವಾದ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ. ಬಾಂಬ್ ಎಸೆದ ಕ್ಷಣದ ರೋಚಕತೆಯನ್ನು ಎಲ್ಲರೂ ಹೇಳುತ್ತಾರೆ. ನಮ್ಮ ಮಾರ್ಗದರ್ಶಿ ಆ ಕ್ಷಣವನ್ನು ಹತ್ತು ಮಾತಿನಲ್ಲಿ ಮುಗಿಸಿ, ಐದು ತಿಂಗಳ ಕಾಲ ಆ ಸೈನಿಕರಿಗೆ ಅನ್ನ, ಹಾಸಿಗೆ, ಬಟ್ಟೆ ಮತ್ತು ಪಡಿತರ ಚೀಟಿ ಹೊಂದಿಸಿಕೊಟ್ಟ ಮನೆಗಳ ಬಗ್ಗೆ ಹೇಳಲು ಸಮಯ ಇಟ್ಟುಕೊಂಡರು. ಪಡಿತರದ ಕಾಲದಲ್ಲಿ ಲೆಕ್ಕಕ್ಕೆ ಸಿಗದ ಒಬ್ಬ ಮನುಷ್ಯನಿಗೆ ಊಟ ಹಾಕುವುದೆಂದರೆ ಮನೆಯ ಉಳಿದವರ ತಟ್ಟೆಯಿಂದ ತೆಗೆದು ಹಾಕುವುದು. ಜಿಜ್ಕೊವ್ ಬಡಾವಣೆಯ ಮರಿಯೆ ಮೊರಾವ್ಟ್ಸೊವಾ ಅಂಥ ಗೃಹಿಣಿ. ಜೂನ್ 17ರ ಬೆಳಗಿನ ಜಾವ ಗೆಸ್ಟಾಪೊ ಬಾಗಿಲಿಗೆ ಬಂದಾಗ ಆಕೆ ಸಯನೈಡ್ ನುಂಗಿ ಪ್ರಾಣ ಬಿಟ್ಟಳು. ಆಕೆಯ ಮಗ ಆತಾನಿಗೆ ಚಿತ್ರಹಿಂಸೆ ಕೊಟ್ಟ ಮೇಲೆ ಸೈನಿಕರು ಅಡಗಿದ್ದ ಚರ್ಚಿನ ಸುಳಿವು ಹೊರಬಿತ್ತು. ಮಾರ್ಗದರ್ಶಿ ಚಿತ್ರಹಿಂಸೆಯ ವಿವರಗಳನ್ನು ಬಣ್ಣಿಸಲು ಹೋಗಲಿಲ್ಲ. ಗುಂಪಿನಲ್ಲಿ ಒಬ್ಬರು ಕೆದಕಿ ಕೇಳಿದಾಗಲೂ ‘ಆ ಹುಡುಗನನ್ನು ದೂರುವ ಹಕ್ಕು ನಮಗಿಲ್ಲ’ ಎಂದಷ್ಟೇ ಹೇಳಿ ಮುಂದೆ ನಡೆದರು. ಅವರ ಬಗ್ಗೆ ನನಗೆ ಗೌರವ ಮೂಡಿದ್ದು ಆಗ.

ಚೌಕದಿಂದ ಸ್ವಲ್ಪವೇ ದೂರದಲ್ಲಿ ಪೆಚೆಕ್ ಅರಮನೆ ಇದೆ. ಹೆಸರಿಗೆ ಅರಮನೆಯಾದರೂ ಅದು 1920ರ ದಶಕದಲ್ಲಿ ಬ್ಯಾಂಕಿಗಾಗಿ ಕಟ್ಟಿಸಿದ ದಪ್ಪ ಕಲ್ಲಿನ ಕಟ್ಟಡ. ಅದೇ ಗೆಸ್ಟಾಪೊದ ಪ್ರಾಗ್ ಕಚೇರಿಯಾಯಿತು. ವಿಚಾರಣೆಗೆ ಕಾಯುವ ಕೈದಿಗಳನ್ನು ಬೆಂಚುಗಳ ಮೇಲೆ ಸಾಲಾಗಿ ಕೂರಿಸಿ, ಎದುರಿನ ಗೋಡೆಯನ್ನೇ ನೋಡುತ್ತಿರಬೇಕೆಂದು ಕಟ್ಟಪ್ಪಣೆ ಮಾಡುತ್ತಿದ್ದ ಕೋಣೆಗೆ ಕೈದಿಗಳೇ ‘ಸಿನಿಮಾ’ ಎಂಬ ಅರ್ಥದ ಹೆಸರಿಟ್ಟಿದ್ದರಂತೆ. ತನ್ನ ಜೊತೆಗಾರರಿಗೆ ದ್ರೋಹ ಬಗೆದ ಪ್ಯಾರಾಚೂಟ್ ಸೈನಿಕ ಕರೆಲ್ ಚುರ್ದಾ ಜೂನ್ 16ರಂದು ತಾನೇ ನಡೆದು ಬಂದದ್ದೂ ಈ ಬಾಗಿಲಿಗೆ. ಈಗ ಇಲ್ಲಿ ಸರ್ಕಾರಿ ಸಚಿವಾಲಯವಿರುವುದರಿಂದ ಒಳಗೆ ಬಿಡುವುದಿಲ್ಲ, ಮೂಲೆಯ ಸ್ಮಾರಕ ಫಲಕದ ಮುಂದೆ ನಿಂತು ಕೇಳಬೇಕು. ಕಟ್ಟಡದ ಪಕ್ಕದ ಬೀದಿಗೆ ‘ರಾಜಕೀಯ ಕೈದಿಗಳ ಬೀದಿ’ ಎಂದೇ ಹೆಸರು.

ಮುಂದಿನ ನಿಲುಗಡೆ ವಿನೊಹ್ರಾಡ್ಸ್ಕಾ ರಸ್ತೆಯ ರೇಡಿಯೋ ಕಟ್ಟಡ. ಜರ್ಮನ್ನರ ವಿರುದ್ಧ 1945ರ ಮೇ 5ರ ದಂಗೆ ಹೊತ್ತಿಕೊಂಡದ್ದು ಇಲ್ಲಿಂದ. ಸಹಾಯಕ್ಕೆ ಬನ್ನಿ ಎಂಬ ಕರೆಯನ್ನು ಚೆಕ್ ಭಾಷೆಯಲ್ಲಿ ಬಿತ್ತರಿಸಿದ ನಂತರ ಕಟ್ಟಡಕ್ಕಾಗಿ ಕಾಳಗ ನಡೆಯಿತು, ಊರಿನ ತುಂಬ ರಸ್ತೆ ತಡೆಗಳು ಎದ್ದವು. ವಿಷಯ ದೊಡ್ಡದು, ಆದರೆ ನಮಗೆ ಸಿಕ್ಕಿದ್ದು ಹದಿನೈದು ನಿಮಿಷ, ಅದೂ ವಾಹನಗಳ ಗದ್ದಲದ ನಡುವೆ. ಕಿವಿಗೆ ಹಾಕಿಕೊಳ್ಳುವ ಉಪಕರಣ ಕೊಟ್ಟಿರಲಿಲ್ಲವಾದ್ದರಿಂದ ಹಿಂದೆ ನಿಂತಿದ್ದವರಿಗೆ ಅರ್ಧ ಮಾತು ಕೇಳಲಿಲ್ಲ. ಒಂದು ವಿಷಯವನ್ನು ಮಾತ್ರ ಅವರು ಚೆನ್ನಾಗಿ ತೋರಿಸಿಕೊಟ್ಟರು. ನಗರದ ಗೋಡೆಗಳಲ್ಲಿ ಅಲ್ಲಲ್ಲಿ, ಪ್ರತಿಜ್ಞೆಗೆ ಎರಡು ಬೆರಳು ಎತ್ತಿದ ಕಂಚಿನ ಕೈ ಇರುವ ಚಿಕ್ಕ ಫಲಕಗಳಿವೆ. ಆ ದಂಗೆಯಲ್ಲಿ ಸತ್ತವರ ನೆನಪಿಗೆ, ಅವರು ಬಿದ್ದ ಜಾಗದಲ್ಲೇ ಹಾಕಿದವು ಅವು. ಅಲ್ಲಿಂದ ಮುಂದೆ ಊರಿನಲ್ಲಿ ಎಲ್ಲಿ ಹೋದರೂ ನಮ್ಮ ಕಣ್ಣು ಆ ಕೈಗಳನ್ನು ಹುಡುಕುತ್ತಿತ್ತು.

ಕೊನೆಯ ತಾಣ ರೆಸ್ಲೋವಾ ಬೀದಿಯ ಸಂತ ಸಿರಿಲ್ ಮತ್ತು ಸಂತ ಮೆಥೋಡಿಯಸರ ಚರ್ಚ್. 1942ರ ಜೂನ್ 18ರ ನಸುಕಿನಲ್ಲಿ ನೂರಾರು ಜರ್ಮನ್ ಸೈನಿಕರು ಸುತ್ತುವರಿದಾಗ ಇದರೊಳಗೆ ಏಳು ಜನ ಪ್ಯಾರಾಚೂಟ್ ಸೈನಿಕರಿದ್ದರು. ಮೂವರು ಮೇಲಿನ ಅಂತಸ್ತಿನಲ್ಲಿ ಸುಮಾರು ಎರಡು ಗಂಟೆ ಹೋರಾಡಿದರು, ಕುಬಿಶ್ ಅವರಲ್ಲೊಬ್ಬ. ಉಳಿದ ನಾಲ್ವರು ನೆಲಮಾಳಿಗೆಯಲ್ಲಿದ್ದರು. ಬೀದಿಯ ಕಡೆಗಿದ್ದ ಗಾಳಿಕಿಂಡಿಯಿಂದ ಅಗ್ನಿಶಾಮಕ ದಳದ ಕೊಳವೆ ತೂರಿಸಿ ನೀರು ತುಂಬಿಸಿದರು, ಅಶ್ರುವಾಯು ಬಿಟ್ಟರು, ಆದರೂ ನಾಲ್ವರಲ್ಲಿ ಒಬ್ಬನೂ ಜೀವಂತ ಸಿಗಲಿಲ್ಲ. ಅವರಿಗೆ ಆಶ್ರಯ ಕೊಟ್ಟ ಹೊಣೆಯನ್ನು ತಾನೇ ಹೊತ್ತುಕೊಂಡ ಬಿಷಪ್ ಗೊರಾಜ್ದ್ ಅವರನ್ನು ಸೆಪ್ಟೆಂಬರ್ 4ರಂದು ಗುಂಡಿಟ್ಟು ಕೊಂದರು. ಆ ಗಾಳಿಕಿಂಡಿ ಇಂದಿಗೂ ಹಾಗೆಯೇ ಇದೆ. ಸುತ್ತಲಿನ ಕಲ್ಲಿನಲ್ಲಿ ಗುಂಡು ಬಡಿದ ಗುಳಿಗಳು ಒತ್ತೊತ್ತಾಗಿವೆ. ಅಕ್ಕ ಒಂದು ಗುಳಿಯೊಳಗೆ ಬೆರಳಿಟ್ಟು ನೋಡಿದಳು, ಮೊದಲ ಗಿಣ್ಣಿನವರೆಗೆ ಇಳಿಯಿತು.

ನೆಲಮಾಳಿಗೆ ಈಗ ಸ್ಮಾರಕ. ಹಿಂದೆ ಶವಪೆಟ್ಟಿಗೆಗಳನ್ನು ಇಡಲು ಗೋಡೆಯಲ್ಲಿ ಕೊರೆದಿದ್ದ ಗೂಡುಗಳಲ್ಲಿಯೇ ಸೈನಿಕರು ಮಲಗುತ್ತಿದ್ದರು. ಒಳಗೆ ಚಳಿ, ಬೇಸಿಗೆಯಲ್ಲೂ ಮೈಗೆ ಹತ್ತುವಂಥ ಚಳಿ. ನೀರು ಏರುತ್ತಿದ್ದಾಗ ಚರಂಡಿಯ ಕಡೆಗೆ ದಾರಿ ಮಾಡಿಕೊಳ್ಳಲು ಅವರು ಗೋಡೆ ಅಗೆದ ಜಾಗವೂ ಹಾಗೆಯೇ ಉಳಿದಿದೆ. ಆ ಅರೆಬರೆ ಗುಂಡಿಯ ಮುಂದೆ ನಿಂತವರಿಗೆ ಯಾವ ವಿವರಣೆಯೂ ಬೇಕಾಗುವುದಿಲ್ಲ, ಬೇಕಾಗುವುದು ಸಮಯ. ನನ್ನ ಮುಖ್ಯ ತಕರಾರೂ ಅದೇ. ಮೂರೂವರೆ ಗಂಟೆಯ ಪ್ರವಾಸದಲ್ಲಿ ಇಲ್ಲಿಗೆ ಉಳಿದದ್ದು ಇಪ್ಪತ್ತು ನಿಮಿಷ. ಹನ್ನೆರಡು ಜನಕ್ಕಿಂತ ಹೆಚ್ಚು ಇರುವುದಿಲ್ಲ ಎಂದು ಕಾಯ್ದಿರಿಸುವಾಗ ಹೇಳಿದ್ದರು, ಬಂದವರು ಇಪ್ಪತ್ಮೂರು. ಅಷ್ಟು ಜನ ಆ ಇಕ್ಕಟ್ಟಿನಲ್ಲಿ ಒಬ್ಬರ ಭುಜಕ್ಕೆ ಒಬ್ಬರು ತಾಗಿ ನಿಂತರೆ ಮೌನಕ್ಕೆ ಜಾಗವೇ ಇರುವುದಿಲ್ಲ. ನಾಲ್ವರು ಸತ್ತ ಸ್ಥಳಕ್ಕೆ ಇದು ಸಲ್ಲದು. ಸಂಸ್ಥೆಗೆ ಇದನ್ನು ಬರೆದು ತಿಳಿಸಿದೆ, ಕ್ಷಮೆ ಕೇಳಿ ಉತ್ತರ ಬಂತು.

ಇನ್ನೊಂದು ಕೊರತೆ ಪ್ರಚಾರಕ್ಕೆ ಸಂಬಂಧಿಸಿದ್ದು. ಕಾಯ್ದಿರಿಸುವ ಪುಟದಲ್ಲಿ ಲಿಬೆನ್ ಬಡಾವಣೆಯಲ್ಲಿ ದಾಳಿ ನಡೆದ ತಿರುವಿನ ಸ್ಮಾರಕದ ಚಿತ್ರವಿತ್ತು, ಆದರೆ ಪ್ರವಾಸ ಅಲ್ಲಿಗೆ ಹೋಗುವುದೇ ಇಲ್ಲ. ಅದು ನಗರದ ನಡುವಿನಿಂದ ದೂರ, ನಡೆದು ಮುಟ್ಟುವ ಜಾಗವಲ್ಲ ಎಂಬುದು ನಿಜ. ಹಾಗಿದ್ದರೆ ಆ ಚಿತ್ರ ಹಾಕಬಾರದಿತ್ತು. ನಾವು ಮಾರನೆಯ ದಿನ ಟ್ರಾಮ್ ಹಿಡಿದು ನಾವೇ ಹೋದೆವು. ರಸ್ತೆ ಪೂರ್ತಿ ಬದಲಾಗಿದೆ, ಹಳೆಯ ತಿರುವು ಉಳಿದಿಲ್ಲ. 2009ರಲ್ಲಿ ಅನಾವರಣಗೊಂಡ ಉಕ್ಕಿನ ಕಂಬದ ಮೇಲೆ ತೋಳು ಚಾಚಿದ ಮೂರು ಆಕೃತಿಗಳಿವೆ. ಇಬ್ಬರು ಸೈನಿಕರು, ಮೂರನೆಯವರು ಸಾಮಾನ್ಯ ಉಡುಪಿನ ನಾಗರಿಕ. ಮಾರ್ಗದರ್ಶಿ ಹಿಂದಿನ ದಿನ ಹೇಳಿದ ಮನೆಗಳ ಕಥೆ ಕೇಳಿರದಿದ್ದರೆ ಆ ಮೂರನೆಯ ಆಕೃತಿ ಯಾರೆಂದು ನಮಗೆ ಹೊಳೆಯುತ್ತಿರಲಿಲ್ಲ. ಹತ್ತಿರದ ಬೀದಿಗಳಿಗೆ ಗಾಬ್ಚಿಕ್, ಕುಬಿಶ್ ಮತ್ತು ಅವರ ಜೊತೆಗಾರ ಸೈನಿಕ ವಾಲ್ಚಿಕ್ ಹೆಸರುಗಳಿವೆ.

ಮಾರ್ಗದರ್ಶಿಯ ಪ್ರಾಮಾಣಿಕತೆಯ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಹೈಡ್ರಿಕ್ ಜೂನ್ 4ರಂದು ಸತ್ತ, ಅದಕ್ಕೆ ಪ್ರತೀಕಾರವಾಗಿ ಆರು ದಿನಗಳಲ್ಲಿ ಲಿಡಿಟ್ಸೆ ಎಂಬ ಹಳ್ಳಿಯ 173 ಗಂಡಸರನ್ನು ಒಂದೇ ತೋಟದ ಮನೆಯ ಬಳಿ ಗುಂಡಿಟ್ಟು ಕೊಂದರು, ಹೆಂಗಸರನ್ನು ಶಿಬಿರಕ್ಕೆ ಸಾಗಿಸಿದರು, ಮಕ್ಕಳಲ್ಲಿ 82 ಮಂದಿಯನ್ನು ನಂತರ ಕೊಂದರು, ಊರನ್ನೇ ನೆಲಸಮ ಮಾಡಿದರು. ಹಾಗಾದರೆ ಈ ಕಾರ್ಯಾಚರಣೆ ಬೇಕಿತ್ತೆ ಎಂದು ನಮ್ಮ ಗುಂಪಿನ ಒಬ್ಬ ಹಿರಿಯರು ಕೇಳಿದರು. ಮಾರ್ಗದರ್ಶಿ ನುಣುಚಿಕೊಳ್ಳಲಿಲ್ಲ. ದೇಶದೊಳಗಿನ ಪ್ರತಿರೋಧದ ನಾಯಕರೇ ದಾಳಿಗೆ ಮುಂಚೆ ಇದು ಬೇಡವೆಂದು ಲಂಡನ್ನಿನಲ್ಲಿದ್ದ ತಮ್ಮ ದೇಶಭ್ರಷ್ಟ ಸರ್ಕಾರಕ್ಕೆ ಸಂದೇಶ ಕಳಿಸಿದ್ದರೆಂಬುದನ್ನೂ, ಈ ದಾಳಿಯ ನಂತರ 1942ರ ಆಗಸ್ಟಿನಲ್ಲಿ ಬ್ರಿಟನ್, ಚೆಕೊಸ್ಲೊವಾಕಿಯಾದ ಗಡಿ ಪ್ರದೇಶಗಳನ್ನು ಹಿಟ್ಲರನಿಗೆ ಬಿಟ್ಟುಕೊಟ್ಟಿದ್ದ 1938ರ ಮ್ಯೂನಿಕ್ ಒಪ್ಪಂದದಿಂದ ಹಿಂದೆ ಸರಿಯಿತೆಂಬುದನ್ನೂ ಎದುರಾಬದುರಾಗಿ ಇಟ್ಟು, ತೀರ್ಮಾನವನ್ನು ಕೇಳಿದವರಿಗೇ ಬಿಟ್ಟರು. ಹತ್ತು ನಿಮಿಷ ಆ ಚರ್ಚೆಗೆ ಹೋಯಿತು, ಒಂದು ನಿಮಿಷವೂ ವ್ಯರ್ಥವೆನಿಸಲಿಲ್ಲ.

ಹೋಗಬೇಕೆನ್ನುವವರಿಗೆ ಕೆಲವು ಸೂಚನೆಗಳು. ನಡಿಗೆ ಬಹುಪಾಲು ಸಮತಟ್ಟು, ಅರವತ್ತು ದಾಟಿದ ನನ್ನ ಅಕ್ಕನಿಗೆ ತೊಂದರೆಯಾಗಲಿಲ್ಲ. ಕಲ್ಲು ಹಾಸಿದ ಪಾದಚಾರಿ ಮಾರ್ಗಗಳಲ್ಲಿ ತೆಳು ಅಡಿಯ ಚಪ್ಪಲಿ ಹಾಕಿಕೊಂಡರೆ ಮಾತ್ರ ಕಾಲು ಸೋಲುತ್ತದೆ. ನಡುವೆ ಕೂರಲು ಒಂದೇ ಒಂದು ವಿರಾಮವಿದೆ. ಹತ್ತು ವರ್ಷದೊಳಗಿನ ಮಕ್ಕಳನ್ನು ಕರೆದೊಯ್ಯಬೇಡಿ. ಗುಂಪಿನಲ್ಲಿ ಎಷ್ಟು ಜನ ಇರುತ್ತಾರೆಂದು ಹಣ ಕಟ್ಟುವ ಮೊದಲೇ ಬರಹದಲ್ಲಿ ಕೇಳಿ ಪಡೆಯಿರಿ. ಸ್ಮಾರಕಕ್ಕೆ ಸೋಮವಾರ ರಜೆ, ಆದ್ದರಿಂದ ಆ ದಿನದ ಪ್ರವಾಸ ಬೇಡ. ಸಾಧ್ಯವಿದ್ದರೆ ಬೆಳಗಿನ ಪ್ರವಾಸವನ್ನೇ ಆರಿಸಿಕೊಳ್ಳಿ. ಅದು ಚರ್ಚಿನ ಮುಂದೆ ಮಧ್ಯಾಹ್ನದ ಹೊತ್ತಿಗೆ ಮುಗಿಯುತ್ತದೆ, ಗುಂಪು ಚದುರಿದ ಮೇಲೆ ಮತ್ತೆ ಮೆಟ್ಟಿಲಿಳಿದು ನೆಲಮಾಳಿಗೆಗೆ ಹೋಗಬಹುದು. ನಾವು ಹಾಗೆ ಮಾಡಿದೆವು. ಎರಡನೆಯ ಬಾರಿ ಒಳಗೆ ನಮ್ಮಿಬ್ಬರ ಹೊರತು ಒಬ್ಬ ಮುದುಕಿ ಮಾತ್ರ ಇದ್ದರು. ಕೈಯಲ್ಲಿದ್ದ ಹೂವನ್ನು ಎಲ್ಲಿಡುವುದೆಂದು ಸ್ವಲ್ಪ ಹೊತ್ತು ಯೋಚಿಸಿ, ಆ ಅಗೆದ ಗುಂಡಿಯ ಅಂಚಿನಲ್ಲಿ ಇಟ್ಟು ಹೋದರು.