ವ್ಯಾಲರಂಟಾ, ಕೌಂಟರ್ ಸ್ಟ್ರೈಕಾ? ಎರಡನ್ನೂ ಆಡಿದ ಮೇಲೆ

ನಮ್ಮ ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯ ಹುಡುಗರಿಗೆ ಈಗ ಪಿಸಿ ಗೇಮ್ ಎಂದರೆ ವ್ಯಾಲರಂಟ್, ತಂಡ ಕಟ್ಟಿ ಗುಂಡು ಹೊಡೆದಾಡುವ ಆಟ. ಹೊಸ ಕಂಪ್ಯೂಟರ್ ತಗೊಂಡವರು ಮೊದಲು ಕೇಳುವುದೇ "ಇದರಲ್ಲಿ ವ್ಯಾಲರಂಟ್ ಓಡ್ತದಾ?" ಅಂತ. ಓಡ್ತದೆ, ಅದರಲ್ಲಿ ಸಂಶಯವಿಲ್ಲ. ಆದರೆ ಆ ಆಟಕ್ಕೆ ಸಿಕ್ಕಿದ ಹೆಸರು ಅದರ ಯೋಗ್ಯತೆಗಿಂತ ಜಾಸ್ತಿಯಾಯಿತು ಎಂದು ನನ್ನ ಅಭಿಪ್ರಾಯ. ಅದನ್ನೂ ಅದೇ ಜಾತಿಯ ಹಳೆಯ ಆಟ ಕೌಂಟರ್ ಸ್ಟ್ರೈಕಿನ (ಸಿಎಸ್) ಹೊಸ ಆವೃತ್ತಿ ಕೌಂಟರ್ ಸ್ಟ್ರೈಕ್ 2 ಅನ್ನೂ ಒಂದೇ ಕಂಪ್ಯೂಟರಿನಲ್ಲಿ, ಒಂದೇ ನೆಟ್‌ನಲ್ಲಿ, ಅದೇ ಗೆಳೆಯರ ಜೊತೆ ಆಡಿ ಈ ಮಾತು ಹೇಳುತ್ತಿದ್ದೇನೆ.

ವ್ಯಾಲರಂಟಿನ ಸದ್ದು ಶುರುವಾದದ್ದು 2020ರ ಏಪ್ರಿಲ್‌ನಲ್ಲಿ. ಆಗ ಬೀಟಾ (ಬಿಡುಗಡೆಗೆ ಮೊದಲಿನ ಪರೀಕ್ಷೆಯ ಆವೃತ್ತಿ) ಆಡಬೇಕಾದರೆ, ಆಟಗಳನ್ನು ನೇರವಾಗಿ ತೋರಿಸುವ ಜಾಲತಾಣ ಟ್ವಿಚ್‌ನಲ್ಲಿ ಬೇರೆಯವರು ಆಡುವುದನ್ನು ನೋಡುತ್ತಾ ಕೂರಬೇಕಿತ್ತು, ಅದೃಷ್ಟವಿದ್ದರೆ ಒಳಗೆ ಹೋಗಲು ಸಿಗುತ್ತಿತ್ತು. ಮೊದಲ ದಿನವೇ ಒಂದೇ ಹೊತ್ತಿಗೆ 17 ಲಕ್ಷ ಜನ ನೋಡುತ್ತಿದ್ದರು. ಭಾರತಕ್ಕೆ ಆ ಬೀಟಾ ಬರಲೇ ಇಲ್ಲ, ಜೂನ್ 2ಕ್ಕೆ ಆಟ ಬಿಡುಗಡೆಯಾದ ಮೇಲೆಯೇ ನಮ್ಮ ಕೈಗೆ ಸಿಕ್ಕಿದ್ದು. ಅಷ್ಟರಲ್ಲಿ "ಇನ್ನು ಕೌಂಟರ್ ಸ್ಟ್ರೈಕ್ ಮುಗೀತು" ಎಂಬ ಮಾತು ಎಲ್ಲ ಕಡೆ ಹಬ್ಬಿ ಆಗಿತ್ತು. ಮುಗಿಯಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಹಳೆಯ ಆವೃತ್ತಿ ಸಿಎಸ್ ಗೋ ಜಾಗಕ್ಕೆ ಸಿಎಸ್ 2 ಬಂತು.

ಆಟದ ಚೌಕಟ್ಟು ಎರಡರಲ್ಲೂ ಒಂದೇ. ಐದು ಜನರ ಎದುರು ಐದು ಜನ, ಒಂದು ತಂಡ ಬಾಂಬ್ ಇಡಬೇಕು, ಇನ್ನೊಂದು ತಡೆಯಬೇಕು, ಮೊದಲು 13 ರೌಂಡ್ ಗೆದ್ದವರು ಗೆದ್ದರು. ವ್ಯತ್ಯಾಸ ಗೊತ್ತಾಗುವುದು ಗುಂಡು ಹೊಡೆಯುವಾಗ.

ಸಿಎಸ್‌ನಲ್ಲಿ ಎಕೆ 47 ಬಂದೂಕಿಗೆ ಆಟದೊಳಗಿನ ದುಡ್ಡಿನಲ್ಲಿ 2700 ಡಾಲರ್. ಹೆಲ್ಮೆಟ್ ಹಾಕಿದವನಿಗೂ ತಲೆಗೆ ಒಂದೇ ಗುಂಡು ಸಾಕು. ಆದರೆ ಓಡುತ್ತಾ ಹೊಡೆದರೆ ಗುಂಡು ಎಲ್ಲೆಲ್ಲೋ ಹೋಗುತ್ತದೆ. ಎಡಕ್ಕೆ ಓಡುತ್ತಿದ್ದರೆ ಎ ಕೀ ಬಿಟ್ಟು ಡಿ ಕೀಯನ್ನು ಒಮ್ಮೆ ಮುಟ್ಟಬೇಕು, ಆಗ ಕಾಲು ತಟ್ಟನೆ ನಿಲ್ಲುತ್ತದೆ, ಆ ಕ್ಷಣಕ್ಕೆ ಹೊಡೆದ ಗುಂಡು ಮಾತ್ರ ಗುರಿ ಇಟ್ಟ ಕಡೆಗೇ ಹೋಗುತ್ತದೆ. ಬೆರಳಿಗೆ ಇದು ಅಭ್ಯಾಸವಾಗಲು ಸಮಯ ಬೇಕು. ಇನ್ನು ಟ್ರಿಗರ್ ಹಿಡಿದೇ ಇಟ್ಟರೆ 30 ಗುಂಡೂ ಮೊದಲು ಮೇಲಕ್ಕೆ, ಆಮೇಲೆ ಅಡ್ಡಕ್ಕೆ ಹೋಗುತ್ತವೆ. ಪ್ರತಿ ಸಲವೂ ಅದೇ ದಾರಿ. ಅಂದರೆ ಮೌಸನ್ನು ಅದರ ಉಲ್ಟಾ ಎಳೆಯುವುದನ್ನು ಕಲಿತರೆ ಆ ಕಲಿಕೆ ನಿಮ್ಮ ಹತ್ತಿರವೇ ಉಳಿಯುತ್ತದೆ, ಯಾರೂ ಕಿತ್ತುಕೊಳ್ಳಲು ಆಗುವುದಿಲ್ಲ.

ವ್ಯಾಲರಂಟ್‌ನ ವ್ಯಾಂಡಲ್ ಬಂದೂಕಿಗೆ 2900 ಕ್ರೆಡಿಟ್, ಅದು ಆ ಆಟದ ದುಡ್ಡು. ಎಷ್ಟೇ ದೂರದಿಂದ ತಲೆಗೆ ಬಿದ್ದರೂ ಒಂದೇ ಗುಂಡಿಗೆ ಸಾವು, ಮೊದಲ ಕೆಲವು ಗುಂಡು ನೇರವಾಗಿಯೂ ಹೋಗುತ್ತವೆ. ಅಲ್ಲಿವರೆಗೆ ಚೆಂದ. ಆಮೇಲೆ ಸ್ಪ್ರೇ, ಅಂದರೆ ಬಿಡದೆ ಹೊಡೆದ ಗುಂಡಿನ ಸಾಲು, ಒಮ್ಮೆ ಎಡಕ್ಕೆ ವಾಲುತ್ತದೆ, ಒಮ್ಮೆ ಬಲಕ್ಕೆ, ಯಾವ ಕಡೆ ಎಂದು ಮೊದಲೇ ಹೇಳಲು ಬರುವುದಿಲ್ಲ. ನನಗೆ ಈ ಆಟ ಹಿಡಿಸದೇ ಇರುವುದಕ್ಕೆ ಮುಖ್ಯ ಕಾರಣ ಇದೇ. ಎಷ್ಟು ಆಡಿದರೂ ಕೈಗೆ ಹತ್ತದ ಭಾಗ ಒಂದು ಇದ್ದೇ ಇರುತ್ತದೆ.

ಅದರ ಮೇಲೆ ಏಜೆಂಟ್‌ಗಳ, ಅಂದರೆ ನಾವು ಆರಿಸಿ ಆಡುವ ಪಾತ್ರಗಳ, ಶಕ್ತಿಗಳು. ಸೋವಾ ಬಾಣ ಬಿಟ್ಟರೆ ಮೂಲೆಯಲ್ಲಿ ಅಡಗಿದವರು ಕಾಣುತ್ತಾರೆ, ಜೆಟ್ ತಪ್ಪಿಸಿಕೊಂಡು ಸರ್ ಅಂತ ಹಾರುತ್ತಾಳೆ, ಸೇಜ್ ಸತ್ತವನನ್ನೇ ಎಬ್ಬಿಸುತ್ತಾಳೆ. ನೋಡುವವರಿಗೆ ಇದು ಹಬ್ಬ, ಟ್ವಿಚ್‌ನಲ್ಲಿ ಅಷ್ಟು ಜನ ಸೇರಿದ್ದು ಸುಮ್ನೆ ಅಲ್ಲ. ಆಡುವವನಿಗೆ ಹಾಗಲ್ಲ. ಅಸೆಂಟ್ ಮ್ಯಾಪಿನಲ್ಲಿ ಇಬ್ಬರನ್ನು ಕಷ್ಟಪಟ್ಟು ಕೆಡವಿ ಬಾಂಬ್ ಇಡುವ ಸೈಟಿಗೆ ಕಾಲಿಡುವಷ್ಟರಲ್ಲಿ ಅವರಲ್ಲೊಬ್ಬ ಎದ್ದು ನಿಂತಿರುತ್ತಾನೆ. ಹೊಡೆದು ಗೆದ್ದದ್ದು ಮತ್ತೆ ಕೈ ತಪ್ಪಿತು, ಅಲ್ವಾ?

ಸಿಎಸ್ 2ರಲ್ಲಿ ಶಕ್ತಿ ಎಂದರೆ ಆಟದ ದುಡ್ಡು ಕೊಟ್ಟು ಕೊಳ್ಳುವ ಸ್ಮೋಕ್ (ಹೊಗೆ), ಫ್ಲ್ಯಾಶ್ (ಕಣ್ಣು ಕುಕ್ಕುವ ಬೆಳಕು), ಗ್ರೆನೇಡ್. ಎಲ್ಲರಿಗೂ ಒಂದೇ ಅಂಗಡಿ. ಅದರಲ್ಲೂ ಹೊಸ ಸ್ಮೋಕ್ ನನಗೆ ತುಂಬಾ ಇಷ್ಟ. ಹೊಗೆ ಗೋಡೆ, ಬಾಗಿಲು ನೋಡಿಕೊಂಡು ಜಾಗ ತುಂಬುತ್ತದೆ. ಅದರೊಳಗೆ ಗ್ರೆನೇಡ್ ಎಸೆದರೆ ಹೊಗೆ ಹರಿದು ಒಂದು ಗಳಿಗೆ ಆಚೆ ಕಡೆ ಕಾಣುತ್ತದೆ. ಇನ್ಫರ್ನೋ ಮ್ಯಾಪಿನ ಬನಾನಾ ದಾರಿಯಲ್ಲಿ ಹೊಗೆ ಮುಚ್ಚಿದೆ ಅಂತ ಇಟ್ಟುಕೊಳ್ಳಿ. ಗೆಳೆಯ "ಎಸೀತೇನೆ, ರೆಡಿಯಾ" ಅನ್ನುತ್ತಾನೆ, ನಾನು ಎಕೆ ಹಿಡಿದು ತಲೆಯ ಎತ್ತರಕ್ಕೆ ಗುರಿ ಇಟ್ಟು ನಿಲ್ಲುತ್ತೇನೆ, ಢಂ ಅಂದ ಕೂಡಲೇ ಹೊಗೆಯಲ್ಲಿ ತೂತು, ಆ ತೂತಿನಲ್ಲಿ ಇಬ್ಬರು, ಒಬ್ಬನಾದರೂ ಬಿದ್ದ. ಮತ್ತೆ ಹೊಗೆ ಮುಚ್ಚುತ್ತದೆ. ಇಬ್ಬರು ಮಾತಾಡಿಕೊಂಡು ಮಾಡಿದ ಈ ಕೆಲಸಕ್ಕೆ ವ್ಯಾಲರಂಟ್ ಪಾತ್ರಗಳ ಯಾವ ಅಲ್ಟಿಮೇಟೂ (ಅವರ ಅತಿ ದೊಡ್ಡ ಶಕ್ತಿ) ಸಮ ಅಲ್ಲ.

ಕಂಪ್ಯೂಟರ್ ವಿಷಯದಲ್ಲಿ ಮಾತ್ರ ವ್ಯಾಲರಂಟ್ ಮುಂದೆ. 4 ಜಿಬಿ ರ‍್ಯಾಮ್ ಇರುವ ಹಳೆಯ ಯಂತ್ರದಲ್ಲೂ ನಡೆಯುತ್ತದೆ. ಸಿಎಸ್ 2ಕ್ಕೆ ಕಡಿಮೆ ಎಂದರೂ 8 ಜಿಬಿ ಬೇಕು, ಡಿಸ್ಕಿನಲ್ಲಿ 85 ಜಿಬಿ ಜಾಗ ಬೇಕು. ಎರಡಕ್ಕೂ ಮುಂಬೈಯಲ್ಲಿ ಸರ್ವರ್ ಇರುವುದರಿಂದ ಪಿಂಗ್‌ನಲ್ಲಿ (ಸರ್ವರಿಗೆ ಹೋಗಿ ಬರಲು ಹಿಡಿಯುವ ಹೊತ್ತು) ದೊಡ್ಡ ವ್ಯತ್ಯಾಸ ನಾನು ಕಾಣಲಿಲ್ಲ. ಜೂನ್, ಜುಲೈ ಮಳೆಗೆ ನಮ್ಮಲ್ಲಿ ಕರೆಂಟು ಹೋಗುವುದು ಮಾಮೂಲು, ಮ್ಯಾಚಿನ ಮಧ್ಯೆ ಹೋದರೆ ಎರಡೂ ಆಟ ದಂಡ ಹಾಕುತ್ತವೆ. ಕಂಪ್ಯೂಟರಿಗೂ ರೂಟರಿಗೂ ಯುಪಿಎಸ್ ಇಲ್ಲದೆ ಮಳೆಗಾಲದಲ್ಲಿ ರ‍್ಯಾಂಕ್ ಆಡಲು ಹೋಗಬೇಡಿ.

ಕಳ್ಳಾಟದ ವಿಷಯವೂ ಹೇಳಬೇಕು. ವ್ಯಾಲರಂಟ್‌ನ ವ್ಯಾನ್‌ಗಾರ್ಡ್ ಎಂಬ ಕಳ್ಳಾಟ ಹಿಡಿಯುವ ತಂತ್ರಾಂಶ ಕಂಪ್ಯೂಟರ್ ಆನ್ ಆಗುವಾಗಲೇ ವಿಂಡೋಸಿನ ತಳದಲ್ಲಿ ಕೂತು ಕಾವಲು ಕಾಯುತ್ತದೆ, ಹಾಗಾಗಿ ಕಳ್ಳರು ಕಡಿಮೆ. ಸಿಎಸ್ 2ರ ಕಾವಲು ಅಷ್ಟು ಗಟ್ಟಿ ಇಲ್ಲ, ಗೋಡೆಯಾಚೆ ಕಾಣುವವನು ಎದುರಾದರೆ ಇಡೀ ಸಂಜೆ ಹಾಳು. ಇಷ್ಟಾದರೂ, ಅಪ್ಪ ಅಡಿಕೆ ಲೆಕ್ಕ, ಬ್ಯಾಂಕ್ ಕೆಲಸ ಎಲ್ಲ ಮಾಡುವ ಮನೆಯ ಕಂಪ್ಯೂಟರಿನಲ್ಲಿ ಆಟ ಆಡದ ಹೊತ್ತಿನಲ್ಲೂ ಒಂದು ಆಟದ ಕಾವಲುಗಾರ ಅಷ್ಟು ಒಳಗೆ ಕೂತಿರುವುದು ನನಗೆ ಸಮಾಧಾನದ ವಿಷಯ ಅಲ್ಲ. ಅದನ್ನು ಬಂದ್ ಮಾಡಿದರೆ, ಮತ್ತೆ ಆಡಲು ಕಂಪ್ಯೂಟರನ್ನೇ ರೀಸ್ಟಾರ್ಟ್ ಮಾಡಬೇಕು.

ಎರಡೂ ಉಚಿತ. ಸಿಎಸ್‌ನ ಪ್ರೀಮಿಯರ್ ಎಂಬ ರ‍್ಯಾಂಕ್ ಮ್ಯಾಚ್ ಆಡಲು ಪ್ರೈಮ್ ಎಂಬ ಸದಸ್ಯತ್ವ ಬೇಕು, ಅದಕ್ಕೆ ಒಮ್ಮೆ ದುಡ್ಡು ಕೊಡಬೇಕು. ವ್ಯಾಲರಂಟ್‌ನಲ್ಲಿ ಕೊಂಡ ಸ್ಕಿನ್ (ಬಂದೂಕಿನ ಬಣ್ಣದ ಅಲಂಕಾರ) ಮಾರಲು ಬರುವುದಿಲ್ಲ, ಸಿಎಸ್‌ನದ್ದು ಮಾರಬಹುದು. ಒಳಗೆ ಯಾವ ಸ್ಕಿನ್ ಇದೆ ಎಂದು ಗೊತ್ತಿಲ್ಲದ ಕೇಸ್ (ಪೆಟ್ಟಿಗೆ) ತೆರೆಯುವ ಚಟಕ್ಕೆ ಮಾತ್ರ ಬೀಳಬೇಡಿ, ಅದು ಬರೀ ಜೂಜು.

ಹಳೆಯ ಲ್ಯಾಪ್‌ಟಾಪ್ ಇದ್ದವರು ವ್ಯಾಲರಂಟ್ ಆಡಿ, ಬೇಜಾರಿಲ್ಲ. 8 ಜಿಬಿಯೂ ಸುಮಾರಾದ ಗ್ರಾಫಿಕ್ಸ್ ಕಾರ್ಡೂ ಇದ್ದರೆ ಸಿಎಸ್ 2 ಹಾಕಿ, ಎಕೆಯ ಸ್ಪ್ರೇ ಕಲಿಯುವವರೆಗಾದರೂ ಬಿಡಬೇಡಿ. ನಾವು ರಾತ್ರಿ ಊಟ ಆದ ಮೇಲೆ ಮಿರಾಜ್, ಇನ್ಫರ್ನೋ ಆಡುತ್ತೇವೆ. ಮಾತು ಕನ್ನಡ, ತುಳು, ಮಲಯಾಳ ಎಲ್ಲ ನಡೆಯುತ್ತದೆ. ಕಾಸರಗೋಡು, ಮಂಜೇಶ್ವರ ಕಡೆಯವರು ಯಾರಾದರೂ ಇದ್ದರೆ ಹೇಳಿ, ನಮಗೆ ಐದನೆಯವರು ಇನ್ನೂ ಸಿಕ್ಕಿಲ್ಲ.